ಸ್ಟೀಮ್ ಐರನ್ ಮತ್ತು ಸಂಡೂರು ರಸ್ತೆ

ನಮ್ಮ ಯೂನಿಟ್‌ನಲ್ಲಿ ಇಸ್ತ್ರಿ ಮಾಡುವ ಹುಡುಗ ಸ್ಟೀಮ್ ಬಿಡೋ ಮುಂಚೆ "ಅಣ್ಣಾ, ಬಿಡ್ಲಾ?" ಅಂತ ಕೇಳುತ್ತಾನೆ. ಬಳ್ಳಾರಿಯ ಬೇರೆ ಯಾವ ಜೀನ್ಸ್ ಯೂನಿಟ್‌ನಲ್ಲೂ ಕಟಿಂಗ್ ಮಾಸ್ಟರ್‌ಗೆ ಇಷ್ಟು ಮರ್ಯಾದೆ ಸಿಗಲಿಕ್ಕಿಲ್ಲ. ಕಾರಣ ಇಷ್ಟೇ. ಸ್ಟೀಮ್ "ಟುಸ್ಸ್" ಅಂದರೆ ನನ್ನ ಕಿವಿಗೆ ಅದು ಅದಿರು ಲಾರಿಯ ಏರ್ ಬ್ರೇಕ್.

ಮೂರು ವರ್ಷದ ಹಿಂದೆ ಸಂಡೂರಿಂದ ಬೈಕಲ್ಲಿ ಬರುವಾಗ ಲಾರಿ ಹೊಡೆಯಿತು. ಆಗಷ್ಟೇ ಮಳೆ ನಿಂತಿತ್ತು, ರಸ್ತೆ ತುಂಬಾ ಕೆಂಪು ರಾಡಿ. ಗಾಡಿ ಓಡಿಸುತ್ತಿದ್ದ ಗೆಳೆಯ ಉಳಿಯಲಿಲ್ಲ. ನನ್ನ ಕಾಲು ಮುರಿದಿತ್ತು, ನಾಲ್ಕು ತಿಂಗಳಲ್ಲಿ ಕೂಡಿಕೊಂಡಿತು.

ಕಾಲು ಕೂಡಿದ ಮೇಲೆ ಶುರುವಾಯಿತು ನೋಡಿ. ರಾತ್ರಿ ಕಣ್ಣು ಮುಚ್ಚಿದರೆ ರಾಡಿಯಲ್ಲಿ ಬಿದ್ದ ಅವನ ಒಂಟಿ ಚಪ್ಪಲಿ. ಮೊದಲು ಸಂಡೂರು ಕಡೆ ಹೋಗೋದು ಬಿಟ್ಟೆ. ಆಮೇಲೆ ಬೈಕ್ ಬಿಟ್ಟೆ. ಆಮೇಲೆ ಮಳೆ ಬಂದರೆ ಮನೆಯಿಂದಲೇ ಹೊರಗೆ ಬರುತ್ತಿರಲಿಲ್ಲ. ಅವ್ವ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದಳು. ಅವಳನ್ನು ಬೈಯಲ್ಲ, ಅವತ್ತು ರಾತ್ರಿ ಅವಳಿಗಾದರೂ ನಿದ್ದೆ ಬಂತು. ಬೈಯಬೇಕಾದ್ದು ನನ್ನನ್ನೇ. ಚೀಟಿ ಇಲ್ಲದೆ ನಿದ್ದೆ ಮಾತ್ರೆ ತಂದು ಒಂದು ವರ್ಷ ನುಂಗಿದೆ.

ಕೊನೆಗೆ ಮನೋವೈದ್ಯರ ಹತ್ತಿರ ಹೋದೆ. ಪಿಟಿಎಸ್‌ಡಿ ಅಂದರು, ಅಂದರೆ ದೊಡ್ಡ ಆಘಾತ ಆದಮೇಲೆ ಅದೇ ಮತ್ತೆ ಮತ್ತೆ ಕಾಡೋ ಮನಸ್ಸಿನ ಕಾಯಿಲೆ. "ಅದು ಮಿಲಿಟರಿಯವರಿಗೆ ಬರೋದಲ್ವಾ ಸಾರ್?" ಅಂದೆ. 1980ರಲ್ಲಿ ಅಮೆರಿಕದ ವೈದ್ಯರ ಕೈಪಿಡಿಗೆ ಈ ಹೆಸರು ಸೇರಿದಾಗ ವಿಯೆಟ್ನಾಂ ಸೈನಿಕರ ಮಾತು ಜೋರಾಗಿತ್ತಂತೆ. ಆದರೆ ಅಪಘಾತಕ್ಕೂ, ಹಲ್ಲೆಗೂ, ಪ್ರವಾಹಕ್ಕೂ ಸಿಕ್ಕವರಿಗೆ ಇದು ಬರಬಹುದು. ಒಂದು ತಿಂಗಳು ದಾಟಿಯೂ ಕಾಡುತ್ತಿದ್ದರೆ ತೋರಿಸಿಕೊಳ್ಳಬೇಕು. ನನ್ನ ನಿದ್ದೆ ಮಾತ್ರೆಗಳು ಈ ಕಾಯಿಲೆಗೆ ಔಷಧವೇ ಅಲ್ಲ, ಚಟ ಹಿಡಿಸುತ್ತವೆ ಅಷ್ಟೇ. ಡಾಕ್ಟರ್ ಅದನ್ನು ಒಮ್ಮೆಗೇ ನಿಲ್ಲಿಸಲಿಲ್ಲ, ಸ್ವಲ್ಪ ಸ್ವಲ್ಪ ಇಳಿಸಿದರು. ಬದಲಿಗೆ ಸರ್ಟ್ರಲಿನ್ ಅನ್ನೋ ಮಾತ್ರೆ ಕೊಟ್ಟರು. ಅದು ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು. ಎರಡನೇ ವಾರಕ್ಕೇ ಬಿಟ್ಟುಬಿಡೋಣ ಅನ್ನಿಸಿತ್ತು, ಹೆಂಡತಿ ಬಿಡಲಿಲ್ಲ.

ಮಾತ್ರೆಗಿಂತ ಜಾಸ್ತಿ ಕಷ್ಟವಾದದ್ದು ಮಾತಿನ ಚಿಕಿತ್ಸೆ. ವಾರಕ್ಕೊಮ್ಮೆ, ಒಂದೂವರೆ ಗಂಟೆ. ಕಣ್ಣು ಮುಚ್ಚಿ ಆ ದಿನವನ್ನು ಈಗಲೇ ನಡೆಯುತ್ತಿದೆ ಅನ್ನೋ ಹಾಗೆ ಹೇಳಬೇಕು. ಮುಗಿದರೆ ಮತ್ತೆ ಮೊದಲಿಂದ. ಅದನ್ನು ಫೋನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ದಿನಾ ಕೇಳಬೇಕು. ಮರೆಯೋಕೆ ಅಂತ ಹೋದವನಿಗೆ ಇದೇನು ಶಿಕ್ಷೆ ಅನ್ನಿಸಿತು. ಮೂರನೇ ವಾರ ಈ ಚಿಕಿತ್ಸೆ ಕೊಡುತ್ತಿದ್ದ ಮೇಡಂ ಕೇಳಿದರು: "ಲಾರಿ ಕಾಣಿಸಿತು ಅಂದ್ರಿ, ಆಂಬುಲೆನ್ಸ್ ಬಂತು ಅಂದ್ರಿ. ನಡುವೆ?"

ನಡುವೆ ನಾನೊಂದು ಮಾತು ಆಡಿದ್ದೆ. "ಓವರ್‌ಟೇಕ್ ಮಾಡೋ, ಲೇಟಾಗ್ತದೆ."

ಅದನ್ನು ಬಾಯಿ ಬಿಟ್ಟು ಹೇಳಲು ಇನ್ನೂ ಎರಡು ವಾರ ಬೇಕಾಯಿತು. ಮೇಡಂ ಸಮಾಧಾನ ಹೇಳಲಿಲ್ಲ. ಲಾರಿ ಯಾವ ಸೈಡಲ್ಲಿತ್ತು, ಅವನು ನನ್ನ ಮಾತು ಕೇಳಿ ಓವರ್‌ಟೇಕ್ ಮಾಡಿದನಾ ಅಂತ ಮಾತ್ರ ಕೇಳಿದರು. ಇಲ್ಲ. ಅವನು ಮಾಡಿರಲಿಲ್ಲ. "ಮಳೆ ರಸ್ತೆ, ಸುಮ್ನೆ ಕೂತ್ಕೋ" ಅಂದಿದ್ದ. ಲಾರಿಯೇ ಎದುರಿಂದ ನಮ್ಮ ಸೈಡಿಗೆ ಬಂದಿತ್ತು. ನನ್ನ ತಲೆಯಲ್ಲಿ ಅದು ಅಳಿಸಿಹೋಗಿತ್ತು.

ಬೇರೆ ದಾರಿಗಳೂ ಇವೆ. ಇಎಂಡಿಆರ್ ಅಂತ ಒಂದು, 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ ಶುರು ಮಾಡಿದ್ದು. ಆಚೀಚೆ ಆಡುವ ಬೆರಳನ್ನು ಕಣ್ಣಲ್ಲಿ ಹಿಂಬಾಲಿಸುತ್ತಾ ಘಟನೆ ನೆನೆಯಬೇಕು. ಕೇಳೋಕೆ ಮಂತ್ರ ಹಾಕಿದ ಹಾಗಿದೆ, ಆದರೆ ಗುಣ ಕಂಡಿದೆ. ಗುಣ ಬೆರಳಿನದೋ ನೆನೆಯುವುದರದೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ತಮಾಷೆ ಏನಂದ್ರೆ, ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡೋ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ. 1996ರಲ್ಲಿ ಅದೇ ಮಾದರಿ ದೇಶದ ಕಾರ್ಯಕ್ರಮವಾಯಿತು. ಆ ಊರಲ್ಲಿ ಹುಟ್ಟಿದ ನಾನು ಮೆಡಿಕಲ್ ಶಾಪಿನ ಕಟ್ಟೆ ಸವೆಸುತ್ತಿದ್ದೆ. ಆಸ್ಪತ್ರೆಗೆ ಹೋಗಲು ಮುಜುಗರ ಅಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ.

ಮಾತಿನ ಜೊತೆಗೆ ಒಂದು ಪಟ್ಟಿಯೂ ಇತ್ತು. ಭಯಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಹಾಕಿ, ಕಡಿಮೆಯದರಿಂದ ಶುರು ಮಾಡಬೇಕು. ರಸ್ತೆ ಬದಿಯ ಹೋಟೆಲಲ್ಲಿ ಕೂತು ಲಾರಿ ನೋಡೋದು, 40. ಮೊದಲ ದಿನ ಒಗ್ಗರಣೆ ಮಿರ್ಚಿ ತಟ್ಟೆಯಲ್ಲೇ ತಣ್ಣಗಾಯಿತು. ನಾಲ್ಕನೇ ದಿನ ಎರಡನೇ ಪ್ಲೇಟ್ ಹೇಳಿದೆ. ಬೈಕ್ ಹಿಂದೆ ಕೂತು ಸಂಡೂರಿಗೆ ಹೋಗೋದು, 95. ಹೋದ ತಿಂಗಳು ತಮ್ಮನ ಹಿಂದೆ ಕೂತು ಹೋಗಿ ಬಂದೆ. ಅವನ ಶರ್ಟು ಹಿಂದೆಲ್ಲ ಮುದುಡಿಹೋಗಿತ್ತು.

ಹೇಳದೆ ಕೇಳದೆ ಸ್ಟೀಮ್ ಬಿಡೋದು 60. ಹುಡುಗನಿಗೆ ಕೇಳಬೇಡ ಅಂತ ಹೇಳಿ ಎರಡು ತಿಂಗಳಾಯಿತು. ಅವನಿಗೆ ಅಭ್ಯಾಸ ಹೋಗಿಲ್ಲ. ನಾನು ಚಹಾ ಕುಡಿಯಲು ಹೊರಗೆ ಹೋಗಿದ್ದಾಗಲೂ "ಅಣ್ಣಾ, ಬಿಡ್ಲಾ?" ಅಂತಾನಂತೆ.