ಸೆಟ್ಟರ್ ಇಲ್ಲದ ಲಾಟ್

ಹೋದ ವಾರ ಹಳೆಯ ಐಎ (ಆಂತರಿಕ ಮೌಲ್ಯಮಾಪನ) ಫೈಲುಗಳನ್ನು ಕಟ್ಟಿ ಕಪಾಟಿನ ಮೇಲಕ್ಕೆ ಹಾಕುವಾಗ ವಿದ್ಯಾರ್ಥಿನಿಯೊಬ್ಬಳ ಪ್ರೋಗ್ರಾಮಿನ ಪ್ರಿಂಟೌಟ್ ಜಾರಿ ಕೆಳಗೆ ಬಿತ್ತು. ಅದರ ತುದಿಯಲ್ಲಿ ಕೆಂಪು ಶಾಯಿಯಲ್ಲಿ 20ಕ್ಕೆ 11 ಎಂದಿದೆ. ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ 19 ಎಂದು ಬರೆದು ಚಿಕ್ಕ ಸಹಿ ಹಾಕಲಾಗಿದೆ. ಎರಡೂ ಅಂಕಗಳು ನನ್ನ ಕೈಬರಹದವೇ. ಹಾಳೆಯ ನಡುವಿನ ಒಂದು ಕಾಮೆಂಟ್ ಸಾಲಿಗೆ, ಅಂದರೆ ಓದುವವರಿಗೆಂದು ಕೋಡಿನಲ್ಲಿ ಬರೆದ ಟಿಪ್ಪಣಿಗೆ, ಅಡಿಗೆರೆ ಎಳೆದು ‘ನೆಪ’ ಎಂದು ಬರೆದವನೂ ನಾನೇ. ಅಂಕವನ್ನು ತಿದ್ದಿದ್ದೆ, ಆ ಪದವನ್ನು ಹೊಡೆದು ಹಾಕಲು ಮರೆತಿದ್ದೆ. ಎರಡು ವರ್ಷ ಕಳೆದಿದ್ದರೂ ಅದನ್ನು ಓದಿದಾಗ ಕಿವಿ ಬಿಸಿಯಾಯಿತು.

ನಾನು ಬಯಲುಸೀಮೆಯಿಂದ ಬಂದವನು. ದಕ್ಷಿಣ ಕೊಡಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂಬತ್ತು ವರ್ಷಗಳಿಂದ ಮೂರನೆಯ ಸೆಮಿಸ್ಟರಿನವರಿಗೆ ಜಾವಾ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ತೆಗೆದುಕೊಳ್ಳುತ್ತಿದ್ದೇನೆ. ಜನವರಿ ಇಲ್ಲಿ ರೊಬಸ್ಟಾ ಕೊಯ್ಲಿನ ಕಾಲ. ಹಾಜರಿ ಅರ್ಧಕ್ಕೆ ಇಳಿಯುತ್ತದೆ. ಮಧ್ಯಾಹ್ನ ಅಕಾಲದ ಮೋಡ ಕಟ್ಟಿತೆಂದರೆ ಕಣದಲ್ಲಿ ಹರವಿದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಲು ಮನೆಯಿಂದ ಕರೆ ಬರುತ್ತದೆ, ಲ್ಯಾಬಿನಲ್ಲಿ ನಾಲ್ಕು ಕುರ್ಚಿ ಖಾಲಿಯಾಗುತ್ತವೆ. ಆ ವರ್ಷ ನಾನು, ಪುಸ್ತಕದ ಹಳಸಿದ ಬ್ಯಾಂಕ್ ಅಕೌಂಟ್ ಲೆಕ್ಕವನ್ನು ಬಿಟ್ಟು ಊರಿಗೆ ಒಪ್ಪುವ ಲೆಕ್ಕ ಕೊಡೋಣವೆಂದು, ಕಾಫಿ ಖರೀದಿ ಅಂಗಡಿಯ ಪುಸ್ತಕವನ್ನು ಅಸೈನ್‌ಮೆಂಟ್ ಮಾಡಿದ್ದೆ. ಗೋಣಿಕೊಪ್ಪದ ಅಂಗಡಿಯೊಂದರ ಮುಂದಿನ ಹಲಗೆಯನ್ನು ನೋಡಿಯೇ ನಿಯಮ ಬರೆದೆ: ಒಂದು ಚೀಲವೆಂದರೆ 50 ಕೆ.ಜಿ. ಒಣಗಿದ ಚೆರಿ, ಸಿಪ್ಪೆ ತೆಗೆದ ಮೇಲೆ ಅದರಲ್ಲಿ ಎಷ್ಟು ಕೆ.ಜಿ. ಬೀಜ ದಕ್ಕುತ್ತದೆಯೋ ಅದೇ ಔಟ್‌ಟರ್ನ್, ಅಂದರೆ ಓಟಿ. ಓಟಿ 28 ಬಂದು ದರ ಓಟಿಯ ಒಂದು ಪಾಯಿಂಟಿಗೆ 200 ರೂಪಾಯಿ ಇದ್ದರೆ ಚೀಲಕ್ಕೆ 5,600 ರೂಪಾಯಿ. ಬೆಳೆಗಾರನಿಗೆ ಬಿಲ್ಲು ಕೊಡಬೇಕು, ತಿಂಗಳ ಕೊನೆಯಲ್ಲಿ ಒಟ್ಟು ವರದಿ ತೆಗೆಯಬೇಕು. ಎಷ್ಟು ಕ್ಲಾಸು (ಒಂದು ಬಗೆಯ ವಸ್ತುವಿನ ಮಾಹಿತಿಯನ್ನೂ ಲೆಕ್ಕವನ್ನೂ ಒಟ್ಟಿಗಿಡುವ ಕೋಡಿನ ತುಂಡು), ಯಾವ ಕ್ಲಾಸು ಎಂಬುದು ಅವರಿಗೇ ಬಿಟ್ಟದ್ದು.

ಬಿಟ್ಟದ್ದು ಎಂದು ಹೇಳಿದೆನೇ ಹೊರತು ಬಿಟ್ಟಿರಲಿಲ್ಲ. ರೂಬ್ರಿಕ್, ಅಂದರೆ ಅಂಕ ಹಂಚಿಕೆಯ ಪಟ್ಟಿ, ಮೊದಲೇ ಸಮಿತಿಯಿಂದ ಪಾಸಾಗಿ ಬಂದಿತ್ತು: ಸರಿಯಾದ ಔಟ್‌ಪುಟ್‌ಗೆ 8, ಎನ್‌ಕ್ಯಾಪ್ಸುಲೇಷನ್‌ಗೆ (ಕ್ಲಾಸಿನ ಒಳಗನ್ನು ಬಚ್ಚಿಡುವುದು) 4, ಇನ್‌ಹೆರಿಟೆನ್ಸ್‌ಗೆ (ಒಂದು ಕ್ಲಾಸಿನ ಗುಣಗಳು ಇನ್ನೊಂದಕ್ಕೆ ಬರುವುದು) 4, ಹೆಸರು ಮತ್ತು ಕಾಮೆಂಟುಗಳಿಗೆ 4. ಸಿಒ-ಪಿಒ (ಕೋರ್ಸಿನ ಮತ್ತು ಪದವಿಯ ಕಲಿಕೆಯ ಗುರಿಗಳ) ಮ್ಯಾಪಿಂಗಿನ ಒಂದೊಂದು ಮನೆಗೂ ಒಂದೊಂದು ಅಂಕ ಬೀಳಬೇಕು, ಮಾನ್ಯತೆ ಕೊಡುವ ಎನ್‌ಬಿಎಯ ಫೈಲಿನಲ್ಲಿ ಯಾವ ಕಾಲಮ್ಮೂ ಖಾಲಿ ಕಾಣಬಾರದು. ಕೈಯಲ್ಲಿದ್ದದ್ದು 63 ಪ್ರೋಗ್ರಾಮು, ಶನಿವಾರ ಸಂಜೆ 5ಕ್ಕೆ ಪೋರ್ಟಲ್ ಬಂದ್. ನಾನು ಜಾಣತನ ತೋರಿಸಿ ಅಂಕ ಹಾಕಲು ಒಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮು) ಬರೆದೆ. ಫೀಲ್ಡುಗಳೆಲ್ಲ (ಕ್ಲಾಸಿನೊಳಗಿನ ಮಾಹಿತಿ) ಪ್ರೈವೇಟ್ ಇವೆಯೇ, ಅಂದರೆ ಹೊರಗಿನ ಕೋಡು ನೇರವಾಗಿ ಮುಟ್ಟದಂತೆ ಇವೆಯೇ, ಪ್ರತಿ ಫೀಲ್ಡಿಗೂ ಅದನ್ನು ಓದಿ ಕೊಡುವ ಗೆಟ್ಟರ್ ಮತ್ತು ಬದಲಿಸುವ ಸೆಟ್ಟರ್ ಎರಡೂ ಇವೆಯೇ ಎಂದು ಅದು ಹುಡುಕುತ್ತಿತ್ತು. ಎರಡೂ ಇದ್ದರೆ 4, ಒಂದು ತಪ್ಪಿದರೂ ಸೊನ್ನೆ. ಇನ್‌ಹೆರಿಟೆನ್ಸನ್ನು ಸೂಚಿಸುವ ‘ಎಕ್ಸ್‌ಟೆಂಡ್ಸ್’ ಎಂಬ ಪದ ಎಲ್ಲಾದರೂ ಸಿಕ್ಕರೆ ಇನ್ನೊಂದು 4. ಇಪ್ಪತ್ತು ಸೆಕೆಂಡಿನಲ್ಲಿ 63 ಜನರ ವಿನ್ಯಾಸ ಪ್ರತಿಭೆಯನ್ನು ಅಳೆದುಬಿಟ್ಟೆನೆಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೂ ಉಂಟು.

ಗೆಟ್ಟರ್-ಸೆಟ್ಟರ್ ಜೋಡಿ ಎಲ್ಲಿಂದ ಬಂತೆಂಬುದು ನನಗೆ ತಿಳಿಯದ ವಿಷಯವೇನಲ್ಲ. 1997ರ ಜಾವಾಬೀನ್ಸ್ ನಿರ್ದಿಷ್ಟತೆಯಲ್ಲಿ ಆ ಹೆಸರಿಡುವ ಪದ್ಧತಿ ಇದ್ದದ್ದು, ಪರದೆಯ ಮೇಲೆ ಬಟನ್ನು ಪೆಟ್ಟಿಗೆಗಳನ್ನು ಎಳೆದು ಕೂರಿಸುವ ಟೂಲುಗಳಿಗೆ ಒಂದು ವಸ್ತುವಿನ ಗುಣಗಳು ಯಾವುವೆಂದು ಗುರುತು ಸಿಗಲೆಂದು. ಕ್ಲಾಸಿನ ಒಳಗುಟ್ಟನ್ನು ಕಾಪಾಡುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ಪ್ರೈವೇಟ್ ಎಂದು ಬಾಗಿಲು ಹಾಕಿ ಸೆಟ್ಟರ್ ಎಂದು ಕಿಟಕಿ ತೆರೆದಿಟ್ಟಂತೆ. ಯಾವ ವಿನ್ಯಾಸ ನಿರ್ಧಾರ ಮುಂದೆ ಬದಲಾದೀತೋ ಅದನ್ನು ಒಂದು ಮಾಡ್ಯೂಲಿನೊಳಗೆ ಬಚ್ಚಿಡಬೇಕೆಂದು ಸಾಫ್ಟ್‌ವೇರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲೇ ಬರೆದದ್ದನ್ನು ಪ್ರತಿ ಸೆಮಿಸ್ಟರಿನ ಮೊದಲ ವಾರ ನಾನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಮೊದಲ ವಾರ ಬರೆದದ್ದು ಹದಿನಾಲ್ಕನೆಯ ವಾರ ಅಂಕ ಹಾಕುವಾಗ ನೆನಪಿಗೆ ಬರಲಿಲ್ಲ.

ಸ್ಕ್ರಿಪ್ಟ್ 12ಕ್ಕಿಂತ ಕಡಿಮೆ ಕೊಟ್ಟವುಗಳನ್ನು ಮಾತ್ರ ಕಣ್ಣಾರೆ ನೋಡಿದೆ. ಅದರಲ್ಲಿ ಈ ಹಾಳೆ ಬಂತು. ಬರೆದವಳು ಹಿಂದಿನ ಬೆಂಚಿನಲ್ಲಿ ಕೂತು ಹೆಚ್ಚು ಮಾತನಾಡದ ಹುಡುಗಿ. ಮೂರೇ ಕ್ಲಾಸು: ಲಾಟ್ (ಒಮ್ಮೆಗೆ ತೂಕಕ್ಕೆ ಬಂದ ಕಾಫಿ), ಪುಸ್ತಕ, ಮೇನ್ (ಪ್ರೋಗ್ರಾಮು ಶುರುವಾಗುವ ಜಾಗ). ಲಾಟಿನಲ್ಲಿ ಚೀಲದ ಸಂಖ್ಯೆ, ಓಟಿ, ದರ ಎಲ್ಲವೂ ಪ್ರೈವೇಟ್ ಫೈನಲ್, ಅಂದರೆ ಒಮ್ಮೆ ಕೊಟ್ಟ ಮೇಲೆ ಬದಲಾಗದವು. ಲಾಟನ್ನು ಹುಟ್ಟಿಸುವ ಕನ್‌ಸ್ಟ್ರಕ್ಟರಿನಲ್ಲಿ ಕೊಟ್ಟದ್ದೇ ಕೊನೆ, ಒಂದೂ ಸೆಟ್ಟರ್ ಇಲ್ಲ, ಗೆಟ್ಟರೂ ಇಲ್ಲ. ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವ ಒಂದೇ ಮೆಥಡ್ ಇತ್ತು, ಬಿಲ್ಲೂ ವರದಿಯೂ ಅದನ್ನೇ ಕೇಳುತ್ತಿದ್ದವು. ಎಲ್ಲಿಯೂ ಎಕ್ಸ್‌ಟೆಂಡ್ಸ್ ಇಲ್ಲ. ಮೇಲೊಂದು ಕಾಮೆಂಟು: ‘ತೂಕ ಹಾಕಿ ಚೀಟಿ ಬರೆದ ಮೇಲೆ ಲಾಟನ್ನು ತಿದ್ದುವ ಹಾಗಿಲ್ಲ. ಆದ್ದರಿಂದ ಸೆಟ್ಟರ್ ಇಲ್ಲ.’ ಸೆಟ್ಟರ್ ಬರೆಯಲು ಸೋಮಾರಿತನ, ಅದಕ್ಕೊಂದು ಸಮರ್ಥನೆ ಎಂದುಕೊಂಡು ನಾನು ಗೆರೆ ಎಳೆದು ಆ ಪದವನ್ನು ಬರೆದೆ. ಔಟ್‌ಪುಟ್‌ಗೆ 8, ಕಾಮೆಂಟಿಗೆ 3.

ಶುಕ್ರವಾರ ಅವಳು ಹಾಳೆ ಹಿಡಿದುಕೊಂಡು ನೇರವಾಗಿ ಎಚ್‌ಒಡಿಯವರ (ವಿಭಾಗದ ಮುಖ್ಯಸ್ಥರ) ಕೋಣೆಗೇ ಹೋದಳು. ಅಲ್ಲಿಂದ ನನಗೆ ಕರೆ ಬಂತು. ನಮ್ಮ ಎಚ್‌ಒಡಿಯವರು ಸಿ ಭಾಷೆಯ ಕಾಲದವರು, ಜಾವಾ ಎಂದರೆ ಮೂಗು ಮುರಿಯುವವರು, ಹೀಗಾಗಿ ಈ ಜಗಳದಲ್ಲಿ ಅವರಿಗೆ ಯಾವ ಪಕ್ಷವೂ ಇರಲಿಲ್ಲ. ನಾನು ರೂಬ್ರಿಕ್ ತೋರಿಸಿದೆ. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಹುಡುಗಿ ಎಚ್‌ಒಡಿಯವರ ಎದುರು ನನ್ನನ್ನು ಪ್ರಶ್ನಿಸಿದಳೆಂಬ ಉರಿ ಒಳಗಿತ್ತಲ್ಲ, “ಸೆಟ್ಟರ್ ಇಲ್ಲದಿದ್ದರೆ ಏನಾಗುತ್ತದೆಂದು ಇಲ್ಲೇ ತೋರಿಸುತ್ತೇನೆ” ಎಂದು ಲ್ಯಾಪ್‌ಟಾಪ್ ತೆರೆದೆ. ಹೊಸ ನಿಯಮ ಕೊಟ್ಟೆ: ತೇವಾಂಶ ಶೇ 11ಕ್ಕಿಂತ ಹೆಚ್ಚಿದ್ದರೆ, ಹೆಚ್ಚಿದ ಪ್ರತಿ ಒಂದಕ್ಕೆ ತೂಕದಲ್ಲಿ ನೂರಕ್ಕೆ ಒಂದರಂತೆ ಕಡಿತ. ಸಮಯ ಹದಿನೈದು ನಿಮಿಷ. ತೂಕ ಕಡಿತ ಮಾಡಬೇಕಾದರೆ ತೂಕವನ್ನು ಬದಲಿಸಲೇಬೇಕು, ಬದಲಿಸಲು ಸೆಟ್ಟರ್ ಬೇಕೇ ಬೇಕು, ಇವಳ ಫೈನಲ್ ಫೀಲ್ಡುಗಳು ಬಿಡುವುದಿಲ್ಲ, ಕ್ಲಾಸನ್ನೆಲ್ಲ ಬಿಚ್ಚಬೇಕಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಮೊದಲ ನಾಲ್ಕು ನಿಮಿಷ ಅವಳು ಕೀಬೋರ್ಡ್ ಮುಟ್ಟಲಿಲ್ಲ. ಕರೆಂಟು ಹೋಗಿ ಮೂಲೆಯ ಯುಪಿಎಸ್ ಕುಂಯ್‌ಗುಟ್ಟಲು ಶುರುಮಾಡಿತು. ನಾನು ಎಚ್‌ಒಡಿಯವರತ್ತ ಬಾಗಿ, ಸೆಟ್ಟರ್ ಇದ್ದಿದ್ದರೆ ಒಂದೇ ಸಾಲಿನ ಕೆಲಸ ಎಂದು, ಅವಳಿಗೂ ಕೇಳಿಸುವಷ್ಟು ದನಿಯಲ್ಲಿ ಹೇಳಿದೆ. ಈ ವಾಕ್ಯ ನೆನಪಾದರೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಐದನೆಯ ನಿಮಿಷಕ್ಕೆ ಅವಳು ತೇವಾಂಶವೆಂಬ ಒಂದು ಫೀಲ್ಡ್ ಸೇರಿಸಿ, ಕನ್‌ಸ್ಟ್ರಕ್ಟರಿಗೆ ಅದನ್ನು ಕೊಟ್ಟು, ಲೆಕ್ಕದ ಮೆಥಡಿನಲ್ಲಿ ಕಡಿತದ ಎರಡು ಸಾಲು ಬರೆದಳು. ಕಂಪೈಲ್ ಮಾಡಿದಾಗ ಒಂದು ಎರರ್ ಬಂತು, ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಹಳೆಯ ಕನ್‌ಸ್ಟ್ರಕ್ಟರನ್ನು ಕರೆಯುತ್ತಿದ್ದ ಜಾಗವದು. ಇಡೀ ಪ್ರೋಗ್ರಾಮಿನಲ್ಲಿ ಅಂಥದ್ದು ಒಂದೇ ಇತ್ತು, ಅದನ್ನು ತಿದ್ದಿದಳು. ಹತ್ತು ಚೀಲ, ಓಟಿ 28, ದರ 200, ತೇವಾಂಶ 11 ಕೊಟ್ಟಳು: 56,000. ತೇವಾಂಶ 13 ಕೊಟ್ಟಳು: 54,880. ವರದಿಯಲ್ಲೂ ಅದೇ 54,880. ಎಂಟು ನಿಮಿಷ ಆಗಿರಬೇಕು.

ಎಚ್‌ಒಡಿಯವರು ಬೇರೇನೂ ಹೇಳದೆ, “ನೀವು 20 ಕೊಟ್ಟದ್ದನ್ನೂ ತೆಗೆಯಿರಿ” ಎಂದರು. ತೆಗೆದೆ. 20 ಬಂದಿದ್ದ ಹುಡುಗನ ಕೋಡನ್ನು ನಾನು ಓದಿಯೇ ಇರಲಿಲ್ಲ ಎಂಬುದು ತೆರೆದ ಮೇಲೆ ತಿಳಿಯಿತು. ರೊಬಸ್ಟಾ ಎಕ್ಸ್‌ಟೆಂಡ್ಸ್ ಕಾಫಿ ಎಂಬುದೇನೋ ಸರಿ. ಬೆಳೆಗಾರ ಎಕ್ಸ್‌ಟೆಂಡ್ಸ್ ತೋಟ ಎಂದೂ ಇತ್ತು, ತೋಟದ ಹೆಸರಿನ ಗೆಟ್ಟರ್ ಬೆಳೆಗಾರನಿಗೆ ಪುಕ್ಕಟೆ ಸಿಗಲೆಂದು. ಬೆಳೆಗಾರನೆಂದರೆ ತೋಟದ ಒಂದು ಬಗೆ ಎಂದು ಒಪ್ಪುವವರು ಕೊಡಗಿನಲ್ಲಿ ಇಲ್ಲದಿಲ್ಲ, ಆದರೆ ಅದಕ್ಕೆ 4 ಅಂಕ ಹೆಚ್ಚಾಯಿತು. ಲಾಟುಗಳ ಅರೇಲಿಸ್ಟನ್ನು (ಪಟ್ಟಿಯನ್ನು) ಗೆಟ್ಟರ್ ಹಾಗೆಯೇ ಹೊರಗೆ ಕೊಡುತ್ತಿತ್ತು; ಮೇನ್‌ನಿಂದ ಯಾರು ಬೇಕಾದರೂ ಅಂಗಡಿಯ ಪುಸ್ತಕವನ್ನು ಒಂದೇ ಸಾಲಿನಲ್ಲಿ ಖಾಲಿ ಮಾಡಬಹುದಿತ್ತು. ಬೆಲೆಯ ಲೆಕ್ಕ ಯಾವ ಕ್ಲಾಸಿನಲ್ಲೂ ಇರಲಿಲ್ಲ. ಬಿಲ್ಲಿನ ಹತ್ತಿರ ಒಮ್ಮೆ, ವರದಿಯ ಹತ್ತಿರ ಒಮ್ಮೆ, ಗೆಟ್ಟರುಗಳನ್ನೆಲ್ಲ ಕರೆದು ಗುಣಿಸುವ ಅದೇ ಆರು ಸಾಲು ಮೇನ್‌ನಲ್ಲಿ ಎರಡು ಸಲ ಅಂಟಿಸಲಾಗಿತ್ತು.

ಮಾನ ಉಳಿಸಿಕೊಳ್ಳಬೇಕಿತ್ತು, ನಾನೇ ಟೈಪ್ ಮಾಡಲು ಕೂತೆ. ತೂಕದ ಸೆಟ್ಟರ್ ಇತ್ತಲ್ಲ, ಬಿಲ್ಲಿನ ಹತ್ತಿರ ತೂಕವನ್ನು ಕಡಿತ ಮಾಡಿ ಸೆಟ್ ಮಾಡಿದೆ. ಎರಡು ಕಡೆಯೂ ಬದಲಿಸಬೇಕೆಂಬ ಎಚ್ಚರವಿತ್ತು, ಅದಕ್ಕೆಂದೇ ವರದಿಯ ಹತ್ತಿರವೂ ಅದೇ ಸಾಲನ್ನು ಅಂಟಿಸಿದೆ. ರನ್ ಮಾಡಿದೆ. ಬಿಲ್ಲು 54,880 ಎಂದಿತು. ನಾನು ತಲೆ ಎತ್ತುವಷ್ಟರಲ್ಲಿ ವರದಿ 53,782.40 ಎಂದಿತು. ಬಿಲ್ಲು ಅಚ್ಚಾದಾಗಲೇ 500 ಕೆ.ಜಿ. 490 ಆಗಿತ್ತು, ವರದಿ ಅಚ್ಚಾಗುವಾಗ ಆ 490ರಲ್ಲೇ ಮತ್ತೆ ನೂರಕ್ಕೆ ಎರಡು ಕಡಿದು 480.2 ಮಾಡಿತ್ತು. ವರದಿಯನ್ನು ಇನ್ನೊಮ್ಮೆ ತೆಗೆದಿದ್ದರೆ ಇನ್ನಷ್ಟು ಇಳಿಯುತ್ತಿತ್ತು. ಎಚ್‌ಒಡಿಯವರು ಮೇಜಿನ ಕ್ಯಾಲ್ಕುಲೇಟರ್ ತೆಗೆದು, “1,097 ರೂಪಾಯಿ 60 ಪೈಸೆ ಎಲ್ಲಿಗೆ ಹೋಯಿತು?” ಎಂದು ನಿಜಕ್ಕೂ ತಿಳಿದುಕೊಳ್ಳುವವರಂತೆ ಕೇಳಿದರು.

ಉತ್ತರ ನನ್ನಿಂದ ಬರಲಿಲ್ಲ. ಹುಡುಗಿ ಮೆಲ್ಲಗೆ ಹೇಳಿದಳು: “ಸರ್, ತೇವ ಇದ್ದರೆ ಲಾಟಿನ ತೂಕ ಕಮ್ಮಿಯಾಗುವುದಿಲ್ಲ. ಕೊಡುವ ದುಡ್ಡು ಕಮ್ಮಿಯಾಗುತ್ತದೆ. ಚೀಟಿಯಲ್ಲಿ ತೂಕ ತಿದ್ದಿದರೆ ಅಪ್ಪ ಜಗಳಕ್ಕೆ ನಿಲ್ಲುತ್ತಾರೆ.” ರಜೆಯಲ್ಲಿ ಅಪ್ಪನ ಜೊತೆ ಅಂಗಡಿಗೆ ಹೋಗಿ ತೂಕದ ಚೀಟಿ ನೋಡಿ ಬೆಳೆದವಳು ಅವಳು, ನಾನು ಹಲಗೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ನಿಯಮ ಬರೆದವನು. ಯಾವುದು ಬದಲಾಗುವುದಿಲ್ಲ, ಯಾವುದು ಬದಲಾದೀತು ಎಂಬ ಗೆರೆಯನ್ನು ಅವಳು ಸರಿಯಾದ ಜಾಗದಲ್ಲಿ ಎಳೆದಿದ್ದಳು, ಆ ಗೆರೆಯ ಕೆಳಗೇ ನಾನು ‘ನೆಪ’ ಎಂದು ಬರೆದಿದ್ದೆ.

ಪರೀಕ್ಷಾ ವಿಭಾಗಕ್ಕೆ ಪತ್ರ ಬರೆದು ಸೋಮವಾರದವರೆಗೆ ಪೋರ್ಟಲ್ ತೆರೆಸಿಕೊಂಡೆ. ಶನಿವಾರ, ಭಾನುವಾರ ಕೂತು 63ನ್ನೂ ಓದಿದೆ. ಸ್ಕ್ರಿಪ್ಟನ್ನು ಔಟ್‌ಪುಟ್ ಸರಿಯೇ ಎಂದು ನೋಡಲು ಮಾತ್ರ ಉಳಿಸಿಕೊಂಡೆ. ವಿನ್ಯಾಸದ ಅಂಕಕ್ಕೆ ಒಂದೇ ಪ್ರಶ್ನೆ ಹಾಕಿಕೊಂಡೆ: ಈ ತೇವಾಂಶದ ನಿಯಮ ಬಂದರೆ ಇವನು ಎಷ್ಟು ಕಡೆ ಕೈ ಹಾಕಬೇಕು? ಕೆಲವರದ್ದರಲ್ಲಿ ಒಂದು ಕಡೆ, ಬಹಳ ಜನರದ್ದರಲ್ಲಿ ಮೂರು ನಾಲ್ಕು ಕಡೆ. ಒಬ್ಬನದ್ದರಲ್ಲಿ ಎಲ್ಲವೂ ಸ್ಟ್ಯಾಟಿಕ್ (ಎಲ್ಲ ಲಾಟಿಗೂ ಸೇರಿ ಒಂದೇ) ಆಗಿದ್ದು ಇಡೀ ಅಂಗಡಿಗೆ ಒಂದೇ ಲಾಟ್ ಇತ್ತು, ಅದಕ್ಕೂ ಸ್ಕ್ರಿಪ್ಟ್ 16 ಕೊಟ್ಟಿತ್ತು. ಒಂದೊಂದಕ್ಕೆ ಹತ್ತು ನಿಮಿಷ ಹಿಡಿಯಿತು. ಆಡಳಿತ ಮಂಡಳಿಯವರು ಒಬ್ಬರಿಗೆ ಎರಡು ಸೆಕ್ಷನ್ ಕೊಟ್ಟು ಮೂರು ದಿನದಲ್ಲಿ ಅಂಕ ಕೇಳಿದರೆ ಸ್ಕ್ರಿಪ್ಟುಗಳು ಹುಟ್ಟುತ್ತಲೇ ಇರುತ್ತವೆ. ಇದನ್ನು ಸಭೆಯಲ್ಲಿ ಹೇಳಿದೆ, ನಡಾವಳಿಯಲ್ಲಿ ಬರಲಿಲ್ಲ.

ಒಮ್ಮೆ ಪ್ರಕಟಿಸಿದ ಅಂಕವನ್ನು ಇಳಿಸುವಂತಿಲ್ಲವೆಂದು ಎಚ್‌ಒಡಿಯವರು ಹೇಳಿದ್ದರಿಂದ 20ರ ಹುಡುಗನಿಗೆ 20 ಹಾಗೆಯೇ ಉಳಿಯಿತು. ಅವನನ್ನು ಕರೆದು ಆ ಎರಡು ಮೊತ್ತಗಳನ್ನು ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, “ಸೆಟ್ಟರ್ ಬರೆಯದಿದ್ದರೆ ಅಂಕ ಬರುವುದಿಲ್ಲ ಅಂತ ಸೀನಿಯರ್ಸ್ ಹೇಳಿದ್ದರು ಸರ್” ಎಂದ. ಸೀನಿಯರುಗಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಜಾವಾ 16ರಲ್ಲಿ, ಅಂದರೆ 2021ರಲ್ಲಿ, ರೆಕಾರ್ಡ್ ಎಂಬುದು ಭಾಷೆಗೇ ಸೇರಿತು. ಫೀಲ್ಡುಗಳು ತಾವಾಗಿ ಫೈನಲ್, ಸೆಟ್ಟರ್ ಎಂಬುದೇ ಇಲ್ಲ. ಅವಳು ಕೈಯಿಂದ ಬರೆದ ಫೀಲ್ಡುಗಳನ್ನೂ ಕನ್‌ಸ್ಟ್ರಕ್ಟರನ್ನೂ ಈಗ ಒಂದೇ ಸಾಲಿನಲ್ಲಿ ಬರೆಯಬಹುದು. ನಮ್ಮ ಲ್ಯಾಬಿನ ಯಂತ್ರಗಳಲ್ಲಿ ಇನ್ನೂ 2014ರ ಜಾವಾ 8 ಇದೆ, ಮೇಲ್ದರ್ಜೆಗೇರಿಸಲು ಕೊಟ್ಟ ಇಂಡೆಂಟು ಎರಡು ಸಲ ವಾಪಸ್ ಬಂದಿದೆ. ರೂಬ್ರಿಕ್ಕಿನಲ್ಲಿ ಇನ್‌ಹೆರಿಟೆನ್ಸ್ 4 ಎಂಬ ಸಾಲೂ ಇದೆ, ಅದನ್ನು ತೆಗೆಯಲು ಸಮಿತಿ ಸೇರಬೇಕು. ಆದ್ದರಿಂದ ಎಕ್ಸ್‌ಟೆಂಡ್ಸ್ ಬೇಡದ ಕಡೆ ಅದನ್ನು ಬಳಸದೆ ಬಿಟ್ಟವರಿಗೆ ನಾನು ಆ ಕಾಲಮ್ಮಿನಲ್ಲಿ 4 ಎಂದೇ ಹಾಕಿ, ಷರಾದಲ್ಲಿ ‘ಪರಿಶೀಲಿಸಿದೆ’ ಎಂದು ಬರೆಯುತ್ತೇನೆ. ಕೆಳಗೆ ಬಿದ್ದ ಆ ಹಾಳೆಯನ್ನು ಫೈಲಿಗೆ ಸೇರಿಸುವ ಮೊದಲು, ‘ನೆಪ’ ಎಂಬುದನ್ನು ಹೊಡೆದು ಹಾಕಿ ತಾರೀಖು ಹಾಕಿದೆ.