50×100ರ ಸೈಟು

ನೈರೋಬಿಯಲ್ಲಿ ಕೆಲಸಕ್ಕಿದ್ದಾಗ ಒಂದು ಶನಿವಾರ, ಸಹೋದ್ಯೋಗಿಯೊಬ್ಬರು ಊರಿನ ದಕ್ಷಿಣಕ್ಕಿರುವ ಕಿಟೆಂಗೆಲಾದಲ್ಲಿ ಸೈಟು ನೋಡಲು ಹೊರಟರೆಂದು ನಾನೂ ಜೊತೆಗೆ ಹೋದೆ. ಎಕರೆಯ ಎಂಟನೆಯ ಒಂದು ಭಾಗ ಎಂದು ಅಲ್ಲಿ ಮಾರುವುದು 50 ಅಡಿಗೆ 100 ಅಡಿಯ ಜಾಗವನ್ನು. ಬೆಂಗಳೂರಿನ 30×40ರ ಲೆಕ್ಕದಲ್ಲಿ ಬೆಳೆದ ನನಗೆ ಅದೇ ಒಂದು ಮೈದಾನದಂತೆ ಕಂಡಿತು. ದಲ್ಲಾಳಿ ದಿಬ್ಬದ ಮೇಲೆ ನಿಂತು ಕೈ ತೋರಿಸುತ್ತ, ಆಚೆಗಿರುವುದೇ ನ್ಯಾಷನಲ್ ಪಾರ್ಕ್, ರಾತ್ರಿ ಸಿಂಹದ ಗರ್ಜನೆ ಕೇಳಿಸುತ್ತದೆ ಎಂದು ಅದನ್ನೂ ಸೈಟಿನ ಸೌಲಭ್ಯಗಳಲ್ಲಿ ಸೇರಿಸಿಬಿಟ್ಟ.

1946ರಲ್ಲಿ ಸ್ಥಾಪನೆಯಾದ ಆ ಉದ್ಯಾನದ ವಿಸ್ತೀರ್ಣ ಕೇವಲ 117 ಚದರ ಕಿಲೋಮೀಟರ್. ನಗರದ ಕಡೆಗೆಲ್ಲ ಬೇಲಿಯಿದ್ದು, ತೆರೆದಿರುವುದು ದಕ್ಷಿಣದ ಮಗ್ಗುಲು ಮಾತ್ರ. ಮಳೆ ಬಿದ್ದೊಡನೆ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಮತ್ತು ಜೀಬ್ರಾಗಳ ಹಿಂಡುಗಳು ಆ ಬದಿಯಿಂದ ಹೊರಟು ದನ ಸಾಕುವ ಮಸಾಯಿ ಬುಡಕಟ್ಟಿನವರ ಹುಲ್ಲುಗಾವಲಿನಲ್ಲಿ ಹರಡಿಕೊಂಡು, ಬೇಸಗೆಯಲ್ಲಿ ನೀರಿಗಾಗಿ ಹಿಂತಿರುಗುತ್ತಿದ್ದವು. ಸಮೂಹದ ಹೆಸರಿನಲ್ಲಿದ್ದ ಆ ನೆಲ 1980ರ ದಶಕದಲ್ಲಿ ಮನೆಮನೆಗೆ ಪಾಲಾಗಿ, ಪಾಲು ಮಾರಾಟವಾಗಿ, ಮಾರಿದ್ದಕ್ಕೆ ಬೇಲಿ ಬಂತು. 1978ರಲ್ಲಿ ಈ ಬಯಲುಗಳಲ್ಲಿ ಸುಮಾರು 30,000ದಷ್ಟಿದ್ದ ವಲಸೆ ವೈಲ್ಡ್‌ಬೀಸ್ಟ್‌ಗಳು 2011ರ ಹೊತ್ತಿಗೆ 5,000ಕ್ಕಿಂತ ಕಡಿಮೆಯಾಗಿದ್ದವು. ಬೇಲಿ ಹಾಕದೆ ಬಿಟ್ಟವರಿಗೆ ಎಕರೆಗೆ ವರ್ಷಕ್ಕೆ 4 ಡಾಲರ್ ಕೊಡುವ ಯೋಜನೆಯೊಂದು 2000ದಲ್ಲಿ ಆರಂಭವಾಗಿತ್ತಾದರೂ, ಸೈಟಿನ ಬೆಲೆಯ ಮುಂದೆ ಆ ಮೊತ್ತ ಎಷ್ಟರದು?

ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಮಸಾಯಿ ಮುದುಕರೊಬ್ಬರನ್ನು ಸಹೋದ್ಯೋಗಿ 'ಮ್ಜೇ' ಎಂದು ಗೌರವದಿಂದ ಮಾತನಾಡಿಸಿದರು. ಆ ಮುದುಕರ ಸ್ವಾಹಿಲಿಯನ್ನು ನನಗೆ ಬಿಡಿಸಿ ಹೇಳುತ್ತಲೂ ಇದ್ದರು. ಅವರ ಯೌವನದಲ್ಲಿ ವೈಲ್ಡ್‌ಬೀಸ್ಟ್‌ಗಳು ಗಿಡ್ಡ ಹುಲ್ಲಿನ ಬಯಲಿಗೆ ಬಂದು ಕರು ಹಾಕುವ ಕಾಲದಲ್ಲಿ ಮಸಾಯಿಗಳು ತಮ್ಮ ದನಗಳನ್ನು ಹೊಡೆದುಕೊಂಡು ದೂರ ಹೋಗುತ್ತಿದ್ದರಂತೆ. ಆ ಕರುಗಳಿಂದ ದನಕ್ಕೆ ತಗಲುವ ಜ್ವರಕ್ಕೆ ಮದ್ದಿಲ್ಲ. ಆದ್ದರಿಂದ ಒಳ್ಳೆಯ ಹುಲ್ಲನ್ನು ಅವಕ್ಕೇ ಬಿಟ್ಟುಕೊಟ್ಟು, ಕರುಗಳು ಬಲಿತ ಮೇಲೆ ಮರಳುವುದು ರೂಢಿ. ಈಗ ಯಾರಿಗೂ ದಾರಿ ಬಿಟ್ಟು ಸರಿಯಬೇಕಾಗಿಲ್ಲ, ಸರಿಯಲು ಜಾಗವೂ ಇಲ್ಲ ಎಂದು ಅವರು ನಕ್ಕರು. ತಾವೂ ಮಾರಿದವರೇ ಎಂಬುದನ್ನು ಅವರೇನೂ ಮುಚ್ಚಿಡಲಿಲ್ಲ: ಬರಗಾಲದಲ್ಲಿ ದನ ಸತ್ತಾಗ ಒಂದು ತುಂಡು, ಮಗಳ ಶಾಲೆಯ ಶುಲ್ಕಕ್ಕೆ ಇನ್ನೊಂದು. ಅವರನ್ನು ತಪ್ಪಿತಸ್ಥರೆನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಅಜ್ಜನ ಗದ್ದೆಯೂ ಇಂಥವೇ ಕಾರಣಗಳಿಗೆ ಕೈಬಿಟ್ಟು ಹೋದದ್ದು.

ಮುಳ್ಳುತಂತಿಗಳ ನಡುವಿನ ಓಣಿಯಂಥ ದಾರಿಯಲ್ಲಿ ನಾವು ಮುಖ್ಯರಸ್ತೆಗೆ ಮರಳುವಾಗ ಕಂಡದ್ದು ಮೂರು ಜೀಬ್ರಾಗಳು ಮಾತ್ರ. ಅವು ನಮ್ಮ ಕಾರಿನ ಮುಂದೆ ಓಡಿ, ಎರಡೂ ಕಡೆ ಹೊರಳಲು ಎಡೆಯಿಲ್ಲದೆ, ಬೇಲಿ ಮುಗಿಯುವತನಕ ಓಡುತ್ತಲೇ ಇದ್ದವು. ಸಹೋದ್ಯೋಗಿ ವೇಗ ತಗ್ಗಿಸಿ ಅವು ದಾಟುವವರೆಗೆ ಕಾದರು. ಆಮೇಲೆ ಅವರು ಕಾಂಪೌಂಡ್ ಗೋಡೆಯ ಖರ್ಚಿನ ಮಾತೆತ್ತಿದಾಗ, ಸುತ್ತಳತೆ 300 ಅಡಿ ಆಗುತ್ತದೆಂದು ಲೆಕ್ಕ ಹಾಕಿ ಹೇಳಿದವನು ನಾನೇ.