ಪರಂಗಿಮಲೆಯ ಬುಡದಲ್ಲಿ ಒಂದು ಸಂಜೆ, ಒಂದು ಪರೇಡ್

ಚೆನ್ನೈ ಸೆಂಟ್ರಲ್‌ನಿಂದ ವಿಮಾನ ನಿಲ್ದಾಣದ ಕಡೆ ಹೋಗುವ ಮೆಟ್ರೋದಲ್ಲಿ ಆಲಂದೂರು ದಾಟಿದ ಮೇಲೆ ನಂಗನಲ್ಲೂರು ರೋಡ್ ಅನ್ನುವ ಸ್ಟೇಷನ್ ಬರುತ್ತದೆ. ಹೆಸರಿನ ಜೊತೆ ‘ಓಟಿಎ’ ಅಂತಲೂ ಸೇರಿಸಿದ್ದಾರೆ. ಓಟಿಎ ಅಂದರೆ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ. ನಮ್ಮ ಸೇನೆಗೆ ಶಾರ್ಟ್ ಸರ್ವಿಸ್ ಕಮಿಷನ್‌ನಲ್ಲಿ, ಅಂದರೆ ಇಂತಿಷ್ಟೇ ವರ್ಷಕ್ಕೆ ಅಂತ ಅಧಿಕಾರಿಗಳಾಗಿ, ಸೇರುವವರು ಇಲ್ಲಿ 49 ವಾರ ತರಬೇತಿ ಪಡೆಯುತ್ತಾರೆ. ನನ್ನ ಅಕ್ಕನ ಮಗಳು ಅಷ್ಟನ್ನೂ ಮುಗಿಸಿ ಲೆಫ್ಟಿನೆಂಟ್ ಆಗುವವಳಿದ್ದಳು. ಅವಳ ಪಾಸಿಂಗ್ ಔಟ್ ಪರೇಡ್ ನೋಡಲು ಮಾರ್ಚ್‌ನಲ್ಲಿ ಅಕ್ಕ, ಭಾವ, ನಾನು ಹೊರಟೆವು. ಪರೇಡ್ ಚೆನ್ನಾಗಿತ್ತು, ಕಣ್ತುಂಬ ನೋಡಿದೆವು. ಆದರೆ ಅದರ ಹಿಂದಿನ ಸಂಜೆ ನಡೆದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಇದನ್ನು ಬರೆಯಲು ಕೂತದ್ದೂ ಅದಕ್ಕೇ.

ನಾವು ತೀರ್ಥಹಳ್ಳಿ ಕಡೆಯವರು. ಕೊಡಗಿನಲ್ಲಾದರೆ ಮನೆಮನೆಯಲ್ಲೂ ಫೌಜಿಗೆ ಹೋದವರ ಫೋಟೋ ಇರುತ್ತದೆ. ನಮ್ಮಲ್ಲಿ ಅಡಿಕೆ ತೋಟ, ಇಲ್ಲವೇ ಮೇಷ್ಟರ ಕೆಲಸ. ನಾನೂ ಹೈಸ್ಕೂಲ್ ಟೀಚರ್. ಮನೆಯಲ್ಲಿ ‘ಪುಟ್ಟಿ’ ಅಂತ ಕರೆಯುವ ಈ ಹುಡುಗಿ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಳು, ‘ಸಿ’ ಸರ್ಟಿಫಿಕೇಟ್ ತಗೊಂಡಳು. ಅದಿದ್ದವರಿಗೆ ಲಿಖಿತ ಪರೀಕ್ಷೆ ಇಲ್ಲದೆ ನೇರವಾಗಿ ಎಸ್‌ಎಸ್‌ಬಿ, ಅಂದರೆ ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿಯ, ಸಂದರ್ಶನಕ್ಕೆ ಹೋಗುವ ದಾರಿ ಇದೆ. ಸಂದರ್ಶನ ಅಂದರೆ ಅರ್ಧ ಗಂಟೆಯ ಮಾತಲ್ಲ. ಐದು ದಿನ ಅಲ್ಲೇ ಇಟ್ಟುಕೊಂಡು ನೋಡುತ್ತಾರೆ. ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ‘ಗುಂಪಾಗಿ ಇದನ್ನು ದಾಟಿ’ ಅನ್ನುತ್ತಾರೆ. ಅಧಿಕಾರಿಗೆ ಬೇಕಾದ ಗುಣಗಳು ಅಂತ 15 ಪಟ್ಟಿ ಮಾಡಿಕೊಂಡಿದ್ದಾರೆ. ಯಾರು ಹೇಗೆ ನಡೆದುಕೊಳ್ಳುತ್ತಾರೆ ಅಂತ ಅದರ ಮೇಲೆ ಅಳೆಯುತ್ತಾರೆ. ಪುಟ್ಟಿ ಬೆಂಗಳೂರಿನಲ್ಲಿ ಪಾಸಾದಾಗ ನನಗೆ ಆಶ್ಚರ್ಯವೇ ಆಗಿತ್ತು. ಅವಳದು ಸಣ್ಣ ದನಿ. ಅಡುಗೆಮನೆಯಿಂದ ಕರೆದರೆ ಜಗುಲಿಗೆ ಕೇಳುತ್ತಿರಲಿಲ್ಲ. ಇಂಥವಳ ಮಾತು ಯಾರು ಕೇಳುತ್ತಾರೆ ಅಂತ ಭಾವನಿಗೂ ಅನುಮಾನ.

ಚೆನ್ನೈ ತಲುಪಿದ ಕೂಡಲೇ ಒಂದು ಕಿರಿಕಿರಿ. ಗಿಂಡಿ ಹತ್ತಿರದ ಲಾಡ್ಜ್ ಒಂದರಲ್ಲಿ ಎರಡು ರೂಮಿಗೆ ಮುಂಗಡ ಕಟ್ಟಿದ್ದೆವು. ಬೆಳಿಗ್ಗೆ ಹೋದರೆ ‘ಒಂದೇ ಇರೋದು’ ಅಂದರು. ರಸೀದಿ ತೋರಿಸಿದರೂ ಕೌಂಟರಿನವನು ತಲೆ ಎತ್ತಲಿಲ್ಲ. ಪರೇಡ್ ಇರುವ ವಾರ ದೇಶದ ಮೂಲೆಮೂಲೆಯಿಂದ ಅಪ್ಪ-ಅಮ್ಮಂದಿರು ಬಂದಿರುತ್ತಾರೆ, ಜಾಸ್ತಿ ದುಡ್ಡು ಕೊಟ್ಟವರಿಗೆ ನಮ್ಮ ರೂಮು ಹೋಗಿತ್ತು. ಭಾವನಿಗೆ ಮಂಡಿನೋವು, ಅವರು ಆ ರಾತ್ರಿ ನೆಲದ ಮೇಲೆ ಮಲಗಬೇಕಾಯಿತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಮುಂದೆ ಹೋಗುವವರು ಪರೇಡಿನ ದಿನಾಂಕ ಗೊತ್ತಾದ ಕೂಡಲೇ ರೂಮು ಹಿಡಿಯಿರಿ, ಹೊರಡುವ ಹಿಂದಿನ ದಿನ ಫೋನ್ ಮಾಡಿ ಇನ್ನೊಮ್ಮೆ ಹೇಳಿಸಿಕೊಳ್ಳಿ. ಅಕಾಡೆಮಿ ಹತ್ತಿರವೇ ಉಳಿಯಬೇಕು ಅಂತ ಏನೂ ಇಲ್ಲ. ಮೆಟ್ರೋ ಇದ್ದಲ್ಲಿ ಎಲ್ಲಿಯಾದರೂ ಆದೀತು. ಗುರುತಿನ ಚೀಟಿಯ ಜೆರಾಕ್ಸ್ ನಂಬಬೇಡಿ, ಅಸಲಿಯನ್ನೇ ಒಯ್ಯಿರಿ.

ಮಧ್ಯಾಹ್ನ ಸುಮ್ನೆ ಕೂರಲಾರದೆ ಪರಂಗಿಮಲೆ ಹತ್ತಿದೆ. ಸೇಂಟ್ ಥಾಮಸ್ ಮೌಂಟ್ ಅನ್ನುವುದು ಇದನ್ನೇ. ಮೇಲೆ ಪೋರ್ಚುಗೀಸರ ಕಾಲದ ಚರ್ಚ್ ಇದೆ. ಭಾರತವನ್ನು ತ್ರಿಕೋನ ತ್ರಿಕೋನವಾಗಿ ಅಳೆದ ಮಹಾ ಸರ್ವೇಗೆ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಆಧಾರರೇಖೆ ಹಾಕಿದ್ದು ಈ ಬೆಟ್ಟದ ಬುಡದ ಬಯಲಿನಲ್ಲೇ. ಈಗ ಆ ಬಯಲಿಲ್ಲ, ಕಣ್ಣು ಹಾಯಿಸಿದಷ್ಟೂ ತಾರಸಿಗಳು. ಇಳಿದು ಬಂದು ಕುಡಿದ ಕಾಫಿ ಮಾತ್ರ ಬಹಳ ಚೆನ್ನಾಗಿತ್ತು. ನಮ್ಮೂರಿನ ಹೋಟೆಲ್‌ಗಳಲ್ಲಿ ಇತ್ತೀಚೆಗೆ ಹಾಲಿನ ನೀರಿಗೆ ಡಿಕಾಕ್ಷನ್ ತೋರಿಸಿ ಕೊಡುತ್ತಾರೆ. ಅಂಥವರು ಚೆನ್ನೈಗೆ ಬಂದು ನೋಡಬೇಕು.

ಅಕಾಡೆಮಿ ಶುರುವಾದದ್ದು 1963ರಲ್ಲಿ. ಹಿಂದಿನ ವರ್ಷ ಚೀನಾ ಯುದ್ಧವಾಗಿತ್ತು, ಅವಸರದಲ್ಲಿ ಅಧಿಕಾರಿಗಳು ಬೇಕಾಗಿದ್ದರು. ಆಗ ಇದು ಆಫೀಸರ್ಸ್ ಟ್ರೈನಿಂಗ್ ಸ್ಕೂಲ್. 1988ರಲ್ಲಿ ಅಕಾಡೆಮಿ ಅಂತ ಹೆಸರು ಬದಲಾಯಿತು. 1992ರಲ್ಲಿ ಮೊದಲ ಸಲ 25 ಹೆಣ್ಣುಮಕ್ಕಳು ಬಂದರು. ಅವರಲ್ಲಿ ಪ್ರಿಯಾ ಝಿಂಗನ್ ಒಬ್ಬರು. ಹೆಂಗಸರನ್ನು ಯಾಕೆ ಸೇರಿಸಿಕೊಳ್ಳುವುದಿಲ್ಲ ಅಂತ ಸೇನಾ ಮುಖ್ಯಸ್ಥರಿಗೇ ಕಾಗದ ಬರೆದಿದ್ದರಂತೆ. ಆ ತಂಡ 1993ರ ಮಾರ್ಚ್‌ನಲ್ಲಿ ಪಾಸಾಗಿ ಹೊರಬಂತು. 2010ರಲ್ಲಿ ದಿವ್ಯಾ ಅಜಿತ್ ಕುಮಾರ್ ಇಡೀ ತಂಡದಲ್ಲೇ ಮೊದಲಿಗರಾಗಿ ಸ್ವೋರ್ಡ್ ಆಫ್ ಆನರ್ ಪಡೆದರು. ಅಲ್ಲಿಯವರೆಗೆ ಆ ಕತ್ತಿ ಗಂಡು ಕೆಡೆಟ್‌ಗಳಿಗೇ ಸಿಗುತ್ತಿತ್ತು. ಪುಟ್ಟಿ ಇದನ್ನೆಲ್ಲ ಪಾಠ ಒಪ್ಪಿಸುವ ಹಾಗೆ ಹೇಳಿದಳು.

ಆ ಸಂಜೆ ಕೆಡೆಟ್‌ಗಳ ಸಾಹಸ ಪ್ರದರ್ಶನವಿತ್ತು. ಅದು ಮುಗಿದ ಮೇಲೆ ಅರ್ಧ ಗಂಟೆ ನಮಗೆ ಸಿಕ್ಕಳು. ಮರದ ಕೆಳಗೆ ಬೆಂಚಿನ ಮೇಲೆ ಕೂತೆವು. ಮೈ ಕಪ್ಪಾಗಿತ್ತು, ಮೊಣಕೈ ಎರಡೂ ಕಡೆ ಒರಟಾಗಿ ಗಂಟು ಕಟ್ಟಿತ್ತು. ದನಿ ಹೇಗೆ ದೊಡ್ಡದಾಯಿತು ಅಂತ ಮೊದಲು ಕೇಳಿದೆ. ಡ್ರಿಲ್ ಉಸ್ತಾದ್ ಅವಳನ್ನು ಮೈದಾನದ ಈ ತುದಿಯಲ್ಲಿ ನಿಲ್ಲಿಸಿ, ಸ್ಕ್ವಾಡನ್ನು ಆ ತುದಿಯಲ್ಲಿ ನಿಲ್ಲಿಸುತ್ತಿದ್ದರಂತೆ. ‘ಸಾವಧಾನ್’ ಅಂದದ್ದು ಅವರಿಗೆ ಕೇಳದಿದ್ದರೆ ಅವರು ಬಿಸಿಲಲ್ಲಿ ಹಾಗೇ ನಿಂತಿರಬೇಕು.

“ನನಗೆ ಶಿಕ್ಷೆ ಕೊಟ್ಟಿದ್ರೆ ಸಹಿಸ್ಕೋತಿದ್ದೆ ಚಿಕ್ಕಮ್ಮ. ನನ್ನ ದನಿ ಸಾಲದೆ ಬೇರೆಯವರು ನಿಂತಿರ್ತಾರೆ ಅಲ್ವಾ, ಅದನ್ನ ನೋಡೋಕಾಗ್ತಿರಲಿಲ್ಲ. ಎರಡನೇ ವಾರಕ್ಕೆ ಹೊಟ್ಟೆಯಿಂದ ದನಿ ಬಂತು.”

ಹಿಂದಿಯೂ ಅವಳಿಗೆ ಅಷ್ಟಕ್ಕಷ್ಟೇ. ಕಂಪನಿಯಲ್ಲಿ ಮಿಜೋರಾಂ, ತಮಿಳುನಾಡು, ಪಂಜಾಬ್, ಎಲ್ಲ ಕಡೆಯವರು. ಭೂತಾನ್, ಮಾಲ್ಡೀವ್ಸ್‌ನಂಥ ದೇಶಗಳಿಂದಲೂ ಕೆಡೆಟ್‌ಗಳು ಬರುತ್ತಾರೆ. ಒಬ್ಬೊಬ್ಬರಿಗೂ ಒಬ್ಬ ಜೊತೆಗಾರ ಇರುತ್ತಾರೆ, ಅವರನ್ನು ‘ಬಡ್ಡಿ’ ಅನ್ನುತ್ತಾರೆ. ಪುಟ್ಟಿಯ ಬಡ್ಡಿ ಹರಿಯಾಣದ ರೈತರ ಮನೆ ಹುಡುಗಿ. ಓಟದಲ್ಲಿ, ಹಗ್ಗ ಹತ್ತುವುದರಲ್ಲಿ ಅವಳೇ ಮುಂದು. ಆದರೆ ನೀರು ಕಂಡರೆ ನಡುಕ. ತುಂಗೆಯಲ್ಲಿ ಬಿದ್ದು ಎದ್ದು ಬೆಳೆದ ಪುಟ್ಟಿ ಭಾನುವಾರಗಳಲ್ಲಿ ಅವಳಿಗೆ ಈಜು ಹೇಳಿಕೊಟ್ಟಳು. ಅವಳು ರಾತ್ರಿ ಲೈಟ್ ಆರಿದ ಮೇಲೆ ಪುಟ್ಟಿಗೆ ಹಿಂದಿ ಹೇಳಿಕೊಟ್ಟಳು. ಪುಟ್ಟಿ ಪಕ್ಕದಲ್ಲಿ ನಿಂತು ‘ಧುಮುಕು’ ಅಂತ ಕೂಗದಿದ್ದರೆ ಎತ್ತರದ ಹಲಗೆಯಿಂದ ನೀರಿಗೆ ಹಾರುತ್ತಲೇ ಇರಲಿಲ್ಲ ಅಂತ ಆ ಹುಡುಗಿ ಎಲ್ಲರಿಗೂ ಹೇಳುತ್ತಿದ್ದಳಂತೆ.

“ಹಾಗಾದ್ರೆ ನಾಳೆ ಅವಳ ಅಪ್ಪ-ಅಮ್ಮನನ್ನೂ ನೋಡಬಹುದು” ಅಂದರು ಅಕ್ಕ.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. “ಅವಳು ನಾಳೆ ಪಾಸಾಗ್ತಿಲ್ಲ ಅಮ್ಮ. ರೆಲಿಗೇಟ್ ಆಗಿದ್ದಾಳೆ. ಇನ್ನಾರು ತಿಂಗಳು ಇಲ್ಲೇ ಇರಬೇಕು.”

ನಡೆದದ್ದು ಇಷ್ಟು. ರಾತ್ರಿ ನಕ್ಷೆ, ದಿಕ್ಸೂಚಿ ಹಿಡಿದು ಹುಡುಕುವ ಅಭ್ಯಾಸ. ಬೆನ್ನಿಗೆ ಭಾರ, ಕೈಯಲ್ಲಿ ರೈಫಲ್. ಕತ್ತಲಲ್ಲಿ ಗುರುತಿನ ಜಾಗಗಳನ್ನು ಒಂದೊಂದಾಗಿ ಮುಟ್ಟಿ, ಅಲ್ಲಿ ಬರೆದ ನಂಬರನ್ನು ಬರೆದುಕೊಂಡು ಬರಬೇಕು. ಆ ಸಲ ತಂಡದ ನಾಯಕಿ ಹರಿಯಾಣದವಳು. ನಡುವೆ ಪುಟ್ಟಿಯ ಕಾಲು ಉಳುಕಿತು. ಕೊನೆಯ ಒಂದು ಜಾಗ ಬಿಟ್ಟು ತಂಡ ವಾಪಸಾಯಿತು. ನಾಯಕಿ ಆ ಜಾಗಕ್ಕೆ ಅಂದಾಜಿನ ಒಂದು ನಂಬರ್ ಬರೆದು ‘ಎಲ್ಲಾ ಮುಟ್ಟಿದೆವು’ ಅಂದಳು. ನಂಬರ್ ತಾಳೆಯಾಗಲಿಲ್ಲ. ಮರುದಿನ ತಂಡದ ಒಬ್ಬೊಬ್ಬರನ್ನೂ ಕರೆದು ಕೇಳಿದರು.

“ನಿನ್ನನ್ನೂ ಕೇಳಿದರಾ?” ಅಂದೆ.

“ಕೇಳಿದ್ರು.”

“ಏನು ಹೇಳಿದೆ?”

“ಆ ಜಾಗಕ್ಕೆ ಹೋಗಿಲ್ಲ ಅಂತ ಹೇಳಿದೆ.”

ನನಗೆ ಅದನ್ನು ನುಂಗಲು ಆಗಲಿಲ್ಲ. ನಿನ್ನ ಕಾಲು ನೋವಾಯಿತು ಅಂತ ತಾನೇ ಅವಳು ಹಿಂದೆ ಬಂದದ್ದು? ಆರು ತಿಂಗಳು ಅವಳದು ಹೋಯಿತು, ನೀನು ಮಾತ್ರ ನಾಳೆ ಹೆಗಲಿಗೆ ಅಧಿಕಾರಿಯ ನಕ್ಷತ್ರ ಹಾಕಿಕೊಳ್ಳುತ್ತೀಯ. ಇದು ಸರಿಯಾ ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿಬಿಟ್ಟೆ. ನಮ್ಮ ಶಾಲೆಯಲ್ಲಿ ಚೀಟಿ ಸಿಕ್ಕಿಬಿದ್ದ ಮಕ್ಕಳು ಜೊತೆಗಾರರ ಹೆಸರು ಹೇಳದೆ ನಿಂತಾಗ, ಹೊರಗೆ ಗದರಿಸಿದರೂ ಒಳಗೆ ಮೆಚ್ಚಿಕೊಂಡವಳು ನಾನು.

ಪುಟ್ಟಿ ಅಳಲಿಲ್ಲ. ಅವಳು ಇದನ್ನು ಎಷ್ಟೋ ರಾತ್ರಿ ಯೋಚಿಸಿದ್ದಾಳೆ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಹಿಂದೆ ಬಂದದ್ದು ತಪ್ಪಲ್ಲ ಚಿಕ್ಕಮ್ಮ. ‘ಒಂದು ಜಾಗ ಬಿಟ್ಟೆವು, ಒಬ್ಬಳ ಕಾಲು ಉಳುಕಿದೆ’ ಅಂದಿದ್ರೆ ಮಾರ್ಕ್ಸ್ ಹೋಗ್ತಿತ್ತು ಅಷ್ಟೆ. ನಾಳೆ ಗಡಿಯಲ್ಲಿ ‘ಆ ದಾರಿ ನೋಡಿ ಬಂದೆ, ಏನೂ ಇಲ್ಲ’ ಅಂತ ನಾನು ಹೇಳ್ತೀನಿ ಅಂದ್ಕೊಳ್ಳಿ. ನಾನು ಹೋಗೇ ಇಲ್ಲ. ನನ್ನ ಮಾತು ನಂಬಿ ಮೂವತ್ತು ಜನ ಅದೇ ದಾರೀಲಿ ನಡೀತಾರೆ. ಅವರ ಮನೆಯವರಿಗೆ ಆಮೇಲೆ ಏನು ಹೇಳೋದು?”

ಭಾವ ‘ಅದು ನಿಜ’ ಅಂದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಮಾತ್ರ ಇನ್ನೂ ಒಪ್ಪಿರಲಿಲ್ಲ. ಆ ಹುಡುಗಿ ಈಗ ನಿನ್ನ ಜೊತೆ ಮಾತಾಡ್ತಾಳಾ ಅಂತ ಕೇಳಿದೆ.

“ಒಂದು ವಾರ ಮಾತಾಡಲಿಲ್ಲ. ಈಗ ನೋಡಿ” ಅಂದವಳು ಸೊಂಟದ ಬೆಲ್ಟ್ ತೋರಿಸಿದಳು. ಹಿತ್ತಾಳೆಯಲ್ಲಿ ನನ್ನ ಮುಖ ಕಾಣುತ್ತಿತ್ತು. “ನಾಳೆ ಪರೇಡಿಗೆ ಇದನ್ನ ಉಜ್ಜಿ ಕೊಟ್ಟದ್ದು ಅವಳೇ.”

ಆ ರಾತ್ರಿ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಹೊರಟೆವು.

ಪರೇಡ್ ನಡೆಯುವ ಮೈದಾನದ ಹೆಸರು ಪರಮೇಶ್ವರನ್ ಡ್ರಿಲ್ ಸ್ಕ್ವೇರ್. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಇಲ್ಲಿಯೇ ತರಬೇತಿ ಪಡೆದು 1972ರಲ್ಲಿ ಮಹಾರ್ ರೆಜಿಮೆಂಟ್ ಸೇರಿದವರು. 1987ರ ನವೆಂಬರ್ 25ರಂದು ಶ್ರೀಲಂಕಾದಲ್ಲಿ ಅವರ ತುಕಡಿಯ ಮೇಲೆ ಹೊಂಚು ಹಾಕಿ ದಾಳಿ ನಡೆಯಿತು. ಎದೆಗೆ ಗುಂಡು ಬಿದ್ದ ಮೇಲೂ ಗುಂಡು ಹಾರಿಸಿದವನ ರೈಫಲ್ ಕಿತ್ತುಕೊಂಡು ಅವನನ್ನು ಹೊಡೆದರು. ಉಸಿರಿರುವ ತನಕ ತಮ್ಮವರಿಗೆ ಆದೇಶ ಕೊಡುತ್ತಲೇ ಇದ್ದರು. ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿ ಪರಮವೀರ ಚಕ್ರ ಬಂದದ್ದು ಅವರೊಬ್ಬರಿಗೇ. ಆ ಹೆಸರಿನ ನೆಲದ ಮೇಲೆ ಅಷ್ಟೂ ಬೂಟುಗಳು ಒಟ್ಟಿಗೆ ಬಿದ್ದಾಗ ಎದೆ ಝಲ್ಲೆಂದಿತು. ಯಾರು ಗಂಡು, ಯಾರು ಹೆಣ್ಣು, ಯಾರು ಯಾವ ರಾಜ್ಯ ಅಂತ ದೂರದಿಂದ ಗೊತ್ತಾಗುತ್ತಿರಲಿಲ್ಲ. ಆದರೆ ಹಿಂದಿನ ಸಂಜೆ ಬೆಂಚಿನ ಮೇಲೆ ಕೂತು ಕೇಳಿದ್ದೆನಲ್ಲ, ಒಬ್ಬೊಬ್ಬರ ಹಿಂದೆಯೂ ಒಂದೊಂದು ಊರು, ಒಂದೊಂದು ಹೆದರಿಕೆ, ಅದನ್ನು ಬಿಡಿಸಿದ ಒಬ್ಬ ಜೊತೆಗಾರ ಇದ್ದಾರೆ ಅನ್ನುವುದು ನೆನಪಿತ್ತು.

ಕೊನೆಗೆ ನಿಧಾನ ನಡಿಗೆಯಲ್ಲಿ ಎಲ್ಲರೂ ‘ಅಂತಿಮ್ ಪಗ್’ ದಾಟಿದರು. ಕೆಡೆಟ್ ಆಗಿ ಇಡುವ ಕೊನೆಯ ಹೆಜ್ಜೆ ಅದು. ಆಮೇಲೆ ಅಪ್ಪ-ಅಮ್ಮಂದಿರು ಹೆಗಲಿಗೆ ನಕ್ಷತ್ರ ತೊಡಿಸುವ ಸಮಾರಂಭ. ನಮ್ಮ ಹತ್ತಿರವೇ ಒಬ್ಬ ಹೆಣ್ಣುಮಗಳಿಗೆ ಅವಳ ಅತ್ತೆ ಒಂದು ಕಡೆ, ಐದಾರು ವರ್ಷದ ಮಗ ಇನ್ನೊಂದು ಕಡೆ ನಕ್ಷತ್ರ ಮುಟ್ಟಿದರು. ಗಂಡ ಸೈನ್ಯದಲ್ಲಿದ್ದು ತೀರಿಕೊಂಡವರು. ಅಂಥವರಿಗೆ 35ರವರೆಗೂ ವಯಸ್ಸಿನ ರಿಯಾಯಿತಿ ಇದೆ, ಲಿಖಿತ ಪರೀಕ್ಷೆಯೂ ಇಲ್ಲ. ಆದರೆ ಎಸ್‌ಎಸ್‌ಬಿ ಪಾಸಾಗಲೇಬೇಕು, 49 ವಾರ ಎಲ್ಲರ ಜೊತೆ ಓಡಲೇಬೇಕು. ಆ ಅತ್ತೆ ಸೊಸೆಯ ಕೈ ಬಿಡುತ್ತಲೇ ಇರಲಿಲ್ಲ. ಪುಟ್ಟಿಯ ನಕ್ಷತ್ರಗಳಿಗೆ ಅಕ್ಕ ಒಂದು ಭುಜ, ಭಾವ ಒಂದು ಭುಜ ಹಂಚಿಕೊಂಡರು. ಅವಳಿಗೆ ಸಿಗ್ನಲ್ಸ್, ಅಂದರೆ ಸೇನೆಯ ಸಂಪರ್ಕ ವಿಭಾಗ, ಸಿಕ್ಕಿದೆ. ಈಗ ಫಿರಂಗಿಗಳ ಆರ್ಟಿಲರಿ ವಿಭಾಗದಲ್ಲೂ ಹೆಣ್ಣುಮಕ್ಕಳಿದ್ದಾರೆ, 2023ರಲ್ಲಿ ಮೊದಲ ಐವರು ಇದೇ ಅಕಾಡೆಮಿಯಿಂದ ಹೋದರು.

ಹರಿಯಾಣದ ಹುಡುಗಿಯನ್ನು ನಾನೇ ಹುಡುಕಿಕೊಂಡು ಹೋದೆ. ಅವತ್ತು ಅತಿಥಿಗಳನ್ನು ಕೂರಿಸುವ, ನೀರು ಕೊಡಿಸುವ ಕೆಲಸ ಅವಳಿಗೆ ಬಿದ್ದಿತ್ತು. ತನ್ನ ಜೊತೆ ಬಂದವರೆಲ್ಲ ಅಧಿಕಾರಿಗಳಾದ ದಿನ ಅವಳು ವಯಸ್ಸಾದವರಿಗೆ ಕುರ್ಚಿ ಎಳೆದು ಕೊಡುತ್ತಿದ್ದಳು. ನನ್ನ ಹರಕುಮುರುಕು ಹಿಂದಿಯಲ್ಲಿ ಸಮಾಧಾನ ಹೇಳಲು ಹೊರಟೆ. ನಮ್ಮ ಹುಡುಗಿಗೋಸ್ಕರ ನೀನು ಕಷ್ಟಪಟ್ಟೆ, ನಮಗೆ ಬೇಜಾರಿದೆ ಅಂದೆ. ಅವಳು ತಲೆ ಆಡಿಸಿದಳು.

“ಇಲ್ಲ ಆಂಟಿ. ಮೊದಲು ನಾನೂ ಎಲ್ಲರ ಹತ್ತಿರ ಹಾಗೇ ಹೇಳ್ತಿದ್ದೆ. ಆದರೆ ಆ ಜಾಗ ಹತ್ತಿರವೇ ಇತ್ತು. ಅವಳನ್ನ ಇನ್ನೊಬ್ಬರ ಜೊತೆ ಕೂರಿಸಿ ನಾನೊಬ್ಬಳೇ ಹೋಗಿ ಬರಬಹುದಿತ್ತು. ನನಗೆ ಸುಸ್ತಾಗಿತ್ತು, ನಿದ್ದೆ ಬಂದಿತ್ತು. ಅವಳ ಕಾಲು ನನಗೊಂದು ನೆಪ ಆಯ್ತು.”

ನಾನು ಟೀಚರ್ ಆಗಿ ಇಷ್ಟು ವರ್ಷದಲ್ಲಿ ಒಬ್ಬ ಇಪ್ಪತ್ತಮೂರರ ಹುಡುಗಿಯ ಬಾಯಲ್ಲಿ ಇಂಥ ಮಾತು ಕೇಳಿಲ್ಲ. ಆರು ತಿಂಗಳ ಶಿಕ್ಷೆ ಜಾಸ್ತಿಯೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಇಂಥವಳು ಮುಂದೆ ನಿಂತರೆ ಅವಳ ಹಿಂದೆ ಹೋಗಲು ನನಗೆ ಹೆದರಿಕೆಯಾಗುವುದಿಲ್ಲ.

ಪರೇಡಿಗೆ ಬರಲು ಟಿಕೆಟ್ ಮಾಡಿಸಿದ್ದ ಅವಳ ಅಪ್ಪ ಅದನ್ನು ರದ್ದು ಮಾಡಿದ್ದರಂತೆ. ಸೆಪ್ಟೆಂಬರ್‌ಗೆ ಬರುತ್ತಾರೆ, ಅಮ್ಮನಿಗೆ ಅಷ್ಟು ದೂರದ ರೈಲು ಆಗುವುದಿಲ್ಲ ಅಂದಳು. ಅಕ್ಕ ಅಲ್ಲಿಗೆ ಬಂದವರು ಪೂರ್ತಿ ಕೇಳಿಸಿಕೊಂಡು, ಇನ್ನೊಂದು ಭುಜಕ್ಕೆ ನಾನು ಬರುತ್ತೇನೆ ಅಂತ ಹೇಳು ಅಂತ ಪುಟ್ಟಿಯ ಕೈಲಿ ಹಿಂದಿಯಲ್ಲಿ ಹೇಳಿಸಿದರು. ರೈಲಿಗೆ ಬುಕಿಂಗ್ ತೆರೆಯುವುದು 60 ದಿನ ಮೊದಲು. ಜುಲೈ ಬಂದ ಕೂಡಲೇ ನೆನಪಿಸು ಅಂತ ಅಕ್ಕ ನನಗೆ ಹೇಳಿಟ್ಟಿದ್ದಾರೆ.